ದೇವರು ಕೇಳಿದಾಗ ಅವಳು ಏನೆಂದಳು?

ಮುಂಡಗೋಡದ ಟಿಬೆಟನ್ ಕ್ಯಾಂಪಿನ ಮಠಗಳಲ್ಲಿ ಆರಾಧನೆ ಪಡೆಯುವ ಉಗ್ರ ದೇವತೆಗಳಲ್ಲಿ ಪಾಲ್ದೆನ್ ಲ್ಹಾಮೊ ಒಬ್ಬಳು. ಕಡುನೀಲಿ ಮೈ, ಕೆದರಿದ ಕೂದಲು, ಏರಿ ಕುಳಿತಿರುವುದು ಹೇಸರಗತ್ತೆ, ದಾಟುತ್ತಿರುವುದು ನೆತ್ತರಿನ ಕಡಲು. ಥಾಂಕಾ ಚಿತ್ರವನ್ನು ಹತ್ತಿರದಿಂದ ನೋಡಿದರೆ ಹೇಸರಗತ್ತೆಯ ಹಿಂಭಾಗದಲ್ಲಿ ಒಂದು ಕಣ್ಣು ತೆರೆದಿರುವುದು ಕಾಣುತ್ತದೆ. ಅದಕ್ಕೊಂದು ಕಥೆಯಿದೆ. ಅವಳು ಲಂಕೆಯ ದೊರೆಯ ರಾಣಿಯಾಗಿದ್ದಳಂತೆ. ನರಹತ್ಯೆಯಲ್ಲಿ ಮುಳುಗಿದ್ದ ಗಂಡನನ್ನೂ ಅವನ ಜನರನ್ನೂ ತಿದ್ದುತ್ತೇನೆ, ಆಗದಿದ್ದರೆ ಆ ವಂಶವನ್ನೇ ಮುಗಿಸುತ್ತೇನೆ ಎಂದು ಪಣ ತೊಟ್ಟಳು. ತಿದ್ದಲಾಗಲಿಲ್ಲ. ಅಪ್ಪನ ದಾರಿಯನ್ನೇ ಹಿಡಿದಿದ್ದ ಸ್ವಂತ ಮಗನನ್ನು ಕೊಂದು ಉತ್ತರಕ್ಕೆ ಹೊರಟಳು. ಗಂಡ ಬಿಟ್ಟ ಬಾಣ ಹೇಸರಗತ್ತೆಗೆ ನಾಟಿತು. ಬಾಣ ಕಿತ್ತವಳೇ, ಈ ಗಾಯ ಕಣ್ಣಾಗಲಿ, ಹಿಂದಿನಿಂದ ಬರುವವರನ್ನು ಕಾಯುತ್ತಿರಲಿ ಎಂದಳು. ಆ ರಾಣಿಯೇ ಮುಂದೆ ಟಿಬೆಟಿನ, ದಲೈ ಲಾಮಾಗಳ ರಕ್ಷಕ ದೇವತೆಯಾದಳು.

ರಾಮಾಯಣ ಕೇಳಿ ಬೆಳೆದ ನಮಗೆ ಲಂಕೆಯ ಮಂಡೋದರಿ ಗೊತ್ತು, ಈ ರಾಣಿ ಗೊತ್ತಿಲ್ಲ. ಮುಂಡಗೋಡದಲ್ಲಿ ಟಿಬೆಟನ್ನರ ವಸಾಹತು ಶುರುವಾದದ್ದು 1966ರಲ್ಲಿ. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಆಕೆ ಉತ್ತರ ಕನ್ನಡದ ಮಣ್ಣಿನವಳೂ ಹೌದು.

ದೇವರು, ಯುದ್ಧ, ಮಂತ್ರ, ಹಳೆಯ ಶಾಪ, ಅದರ ನಡುವೆ ಗಟ್ಟಿ ಹೆಣ್ಣೊಬ್ಬಳು: ಇಂಗ್ಲಿಷಿನಲ್ಲಿ ಎಪಿಕ್ ಫ್ಯಾಂಟಸಿ ಎಂದು ಕರೆಯುವ ದೊಡ್ಡ ಗಾತ್ರದ ಕಾದಂಬರಿಗಳಲ್ಲಿ ಇಂದಿನ ಓದುಗರು ಹುಡುಕುತ್ತಿರುವುದು ಇದನ್ನೇ. ದಾಂಡೇಲಿ, ಹಳಿಯಾಳದ ಕಾಲೇಜು ಹುಡುಗಿಯರ ಮೊಬೈಲಿಗೂ ಈ ಪುಸ್ತಕಗಳು ಇಳಿದಿವೆ. ಈ ಪ್ರಕಾರಕ್ಕೆ ಅಡಿಪಾಯ ಹಾಕಿದ ಟಾಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಬಂದಾಗ ಅದರಲ್ಲಿ ಹೆಂಗಸರು ಬೆರಳೆಣಿಕೆಯಷ್ಟು. ಕತ್ತಿ ಹಿಡಿದು ರಣರಂಗಕ್ಕೆ ಇಳಿದವಳೆಂದರೆ ಏಓವಿನ್ ಒಬ್ಬಳೇ. ದೇವರುಗಳಂತೂ ಕಡಲಾಚೆ ಉಳಿದುಬಿಟ್ಟಿದ್ದರು. ಹೆಂಗಸರೂ ದೇವರೂ ಎದುರುಬದುರು ನಿಲ್ಲುವ ಪುಸ್ತಕಗಳು ಸಾಲುಗಟ್ಟಿ ಬಂದದ್ದು ಆಮೇಲೆ. ಬರೆದವರಲ್ಲಿ ಹೆಚ್ಚಿನವರು ಹೆಂಗಸರೇ.

ಆದರೆ ‘ಗಟ್ಟಿ ಹೆಣ್ಣು’ ಎಂದೊಡನೆ ಪ್ರಕಾಶಕರು ಮುಖಪುಟದ ಮೇಲೆ ಒಂದು ಕತ್ತಿ ಇಟ್ಟುಬಿಡುತ್ತಾರೆ. ಕತ್ತಿ ಬೀಸುವುದೇ ಬಲವಾದರೆ ಅಂಥ ಪುಸ್ತಕ ನೂರು ಸಿಗುತ್ತವೆ, ನೂರರಲ್ಲಿ ತೊಂಬತ್ತು ಮರೆತುಹೋಗುತ್ತವೆ. ಪುಸ್ತಕ ಆರಿಸುವವರು ಬೇರೊಂದು ಪ್ರಶ್ನೆ ಕೇಳಿಕೊಂಡರೆ ಒಳ್ಳೆಯದು. ಈ ಕಥೆಯ ದೇವರು ಅವಳಿಂದ ಏನು ಕೇಳುತ್ತಾನೆ? ಒಲ್ಲೆ ಎನ್ನುವ ಎದೆ ಅವಳಿಗಿದೆಯೇ? ಹರಕೆ ಹೊತ್ತು, ಉಡಿ ತುಂಬಿ, ಮೈಮೇಲೆ ಬಂದ ದೇವಿಯೊಂದಿಗೆ ಮಾತಿಗೆ ಮಾತು ಕೊಡುವುದನ್ನು ಕಂಡ ಉತ್ತರ ಕನ್ನಡದ ಈ ಸೀಮೆಯ ಜನರಿಗೆ ಆ ಪ್ರಶ್ನೆ ಹೊಸದಲ್ಲ. ಇಲ್ಲಿ ದೇವರೆಂದರೆ ವ್ಯವಹಾರಕ್ಕೆ ಸಿಗುವವರು. ಕೊಡುತ್ತಾರೆ, ಕೇಳುತ್ತಾರೆ, ಮುನಿಯುತ್ತಾರೆ, ಸಮಾಧಾನವಾಗುತ್ತಾರೆ.

ಆ ಪ್ರಶ್ನೆಯನ್ನು ಅತ್ಯಂತ ಚೊಕ್ಕವಾಗಿ ಎದುರಿಸಿದ ಪುಟಗಳು ಒಂದು ಆಫ್ರಿಕನ್ ಕಾದಂಬರಿಯಲ್ಲಿವೆ. ಅದು ಫ್ಯಾಂಟಸಿಯಲ್ಲ. ಆದರೂ ಇಲ್ಲಿ ಅದರ ಮಾತು ಮೊದಲು ಬರಬೇಕು, ಏಕೆಂದರೆ ಅದಕ್ಕೂ ಉತ್ತರ ಕನ್ನಡದ ಕಾಡಿಗೂ ನಂಟಿದೆ. ಚಿನುವಾ ಅಚಿಬೆ 1958ರಲ್ಲಿ ಬರೆದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿ ‘ಕಪ್ಪು ಜನ ಕೆಂಪು ನೆರಳು’ ಎಂಬ ನಾಟಕವಾಗಿ 1980ರ ದಶಕದಲ್ಲಿ ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ ರಂಗಕ್ಕೆ ಬಂತು. ನೀನಾಸಮ್‌ನ ಕೆ.ವಿ. ಸುಬ್ಬಣ್ಣ ಅವರ ಬೆಂಬಲ, ಚಿದಂಬರರಾವ್ ಜಂಬೆ ಅವರ ನಿರ್ದೇಶನ, ಪಾತ್ರಧಾರಿಗಳು ಸಿದ್ದಿ ಜನ. ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಹಳಿಯಾಳ, ಯಲ್ಲಾಪುರ, ಜೊಯಿಡಾ, ಮುಂಡಗೋಡದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಕನ್ನಡದಲ್ಲಿ ಆಫ್ರಿಕಾದ ಕಥೆ ಆಡಿದರು.

ಆ ಕಾದಂಬರಿಯಲ್ಲಿ ಚಿಯೆಲೊ ಎಂಬ ವಿಧವೆ ಬರುತ್ತಾಳೆ. ದಿನವೂ ಸಂತೆಯಲ್ಲಿ ಕೂರುವ ಸಾಮಾನ್ಯ ಹೆಂಗಸು. ಅಗ್ಬಾಲಾ ದೇವರು ಮೈಮೇಲೆ ಬಂದರೆ ಅವಳೇ ಬೇರೆ, ಅವಳ ದನಿಯೇ ಬೇರೆ. ಒಂದು ರಾತ್ರಿ ಬಂದು, ದೇವರಿಗೆ ಮಗುವನ್ನು ನೋಡಬೇಕಂತೆ ಎಂದು ಎಜಿನ್ಮಾ ಎಂಬ ಹುಡುಗಿಯನ್ನು ಬೆನ್ನ ಮೇಲೆ ಹೊತ್ತು ಕತ್ತಲೆಗೆ ಇಳಿಯುತ್ತಾಳೆ. ತಾಯಿ ಎಕ್ವೆಫಿ ಹೆತ್ತ ಹತ್ತು ಮಕ್ಕಳಲ್ಲಿ ಉಳಿದದ್ದು ಆ ಒಂದೇ ಜೀವ. ದೇವರ ಬೆನ್ನು ಹತ್ತಬಾರದು ಎಂಬ ಕಟ್ಟಳೆ ಮುರಿದು ಅವಳು ಹಿಂದೆಯೇ ಹೋಗುತ್ತಾಳೆ. ಗುಹೆಯ ಬಾಯಿಯಲ್ಲಿ ನಿಂತು, ಒಳಗೆ ಮಗು ಅತ್ತದ್ದು ಕೇಳಿದರೆ ಲೋಕದ ಎಲ್ಲ ದೇವರುಗಳ ಮೇಲೂ ಬೀಳುತ್ತೇನೆ ಎಂದು ನಿಶ್ಚಯಿಸುತ್ತಾಳೆ. ಅವಳ ಕೈಯಲ್ಲಿ ಆಯುಧವಿಲ್ಲ. ಈಚಿನ ಎಷ್ಟೋ ಫ್ಯಾಂಟಸಿ ಕಾದಂಬರಿಗಳು ಸಾವಿರ ಪುಟದಲ್ಲಿ ಮುಟ್ಟದ ಎತ್ತರವನ್ನು ಆ ಕೆಲವೇ ಪುಟಗಳು ಮುಟ್ಟುತ್ತವೆ.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮೂವರಲ್ಲೂ ಉಳಿದುಬಂದಿರುವುದು ಹಿರಿಯರ ಪೂಜೆ. ಸತ್ತವರು ದೂರ ಹೋಗಿಲ್ಲ, ಮನೆಯೊಳಗೇ ಇದ್ದು ಮನೆಯನ್ನು ನೋಡುತ್ತಿದ್ದಾರೆ ಎಂಬ ನಂಬಿಕೆ ಅದು. ಆಫ್ರಿಕಾ ಮೂಲದ ಫ್ಯಾಂಟಸಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರ ಇಲ್ಲ. ನೈಜೀರಿಯಾ ಮೂಲದ ಟೋಮಿ ಅಡೆಯೆಮಿ 2018ರಲ್ಲಿ ಬರೆದ ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’ನಲ್ಲಿ ಮಂತ್ರಶಕ್ತಿಯ ಜನರನ್ನು ದೊರೆಯೊಬ್ಬ ಒಂದೇ ಏಟಿಗೆ ಕೊಲ್ಲಿಸಿದ್ದಾನೆ, ತಾಯಿಯನ್ನು ಹಾಗೆ ಕಳೆದುಕೊಂಡ ಜೇಲಿ ಎಂಬ ಹುಡುಗಿ, ದೂರ ಸರಿದ ದೇವರುಗಳನ್ನು ಮರಳಿ ಕರೆತರಲು ಹೊರಡುತ್ತಾಳೆ. ಅಲ್ಲಿನ ಒರಿಶಾ ದೇವರುಗಳು ಪಶ್ಚಿಮ ಆಫ್ರಿಕಾದ ಯೊರುಬಾ ಜನರವು, ಸಿದ್ದಿಗಳ ಮೂಲ ಬಹುಪಾಲು ಪೂರ್ವ ಕರಾವಳಿಯ ಕಡೆಯದು, ಎರಡನ್ನೂ ಕಲಸಿಬಿಡಬಾರದು. ಹೈಸ್ಕೂಲು ಮುಗಿಸಿದ ಮಕ್ಕಳಿಗೆ ಕೊಡಬಹುದಾದ, ಓಡಿಸಿಕೊಂಡು ಹೋಗುವ ಪುಸ್ತಕ. ಅದಕ್ಕಿಂತ ಆಳದ್ದು ಬೇಕೆನ್ನುವ ದೊಡ್ಡವರಿಗೆ ನೆಡಿ ಒಕೊರಾಫೋರ್ ಅವರ ‘ಹೂ ಫಿಯರ್ಸ್ ಡೆತ್’ (2010) ಇದೆ. ಅತ್ಯಾಚಾರದಿಂದ ಹುಟ್ಟಿ ಊರಿಗೆ ಬೇಡವಾದ ಮಗಳೊಬ್ಬಳು ಮಾಂತ್ರಿಕಳಾಗಿ ಬೆಳೆಯುವ ಕಥೆ. ಓದುವಾಗ ಎದೆ ಭಾರವಾಗುತ್ತದೆ.

ದೇವರು ಕೇಳುವ ಬೆಲೆ ಎಂದಾಗ ಕರ್ನಾಟಕದ ಈ ಭಾಗದವರಿಗೆ ಸವದತ್ತಿ ನೆನಪಾಗದೆ ಇರದು. ಹಳಿಯಾಳದಿಂದ ಧಾರವಾಡ ದಾಟಿದರೆ ಯಲ್ಲಮ್ಮನ ಗುಡ್ಡ ದೂರವಿಲ್ಲ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ರಾಜ್ಯ ಸರ್ಕಾರ 1982ರ ಕಾಯ್ದೆಯಿಂದ ನಿಷೇಧಿಸಿತು. ಮುತ್ತು ಕಟ್ಟಿಸಿಕೊಂಡ ಮಗುವಿಗೆ ಆಯ್ಕೆ ಇರಲಿಲ್ಲ, ಅಷ್ಟೇ ಅಲ್ಲ, ಅದು ದೇವಿಯ ಆಯ್ಕೆ ಎಂದು ಅವಳನ್ನು ನಂಬಿಸಲಾಗುತ್ತಿತ್ತು. ಅರ್ಸುಲಾ ಲೆ ಗ್ವಿನ್ ಅವರ ‘ದಿ ಟೂಂಬ್ಸ್ ಆಫ್ ಅಟುವಾನ್’ (1971) ಓದುವಾಗ ಇದು ನೆನಪಿನಲ್ಲಿದ್ದರೆ ಆ ಪುಟ್ಟ ಕಾದಂಬರಿ ಬೇರೆಯೇ ಆಗಿ ಕಾಣುತ್ತದೆ. ಟೆನಾರ್ ಎಂಬ ಮಗುವನ್ನು ಎಳೆಯ ವಯಸ್ಸಿನಲ್ಲೇ ಹೆತ್ತವರಿಂದ ಬಿಡಿಸಿ, ಹೆಸರಿಲ್ಲದ ಕತ್ತಲೆಯ ದೇವರುಗಳ ಪೂಜಾರಿಣಿಯಾಗಿ ಮಾಡುತ್ತಾರೆ. ಅವಳ ಹೆಸರನ್ನೂ ಕಿತ್ತುಕೊಳ್ಳುತ್ತಾರೆ. ಸಮಾಧಿಗಳ ಅಡಿಯ ಸುರಂಗಗಳನ್ನು ಅವಳು ಬೆಳಕಿಲ್ಲದೆ, ಗೋಡೆ ಸವರುತ್ತ, ತಿರುವುಗಳನ್ನು ಎಣಿಸುತ್ತ ಬಾಯಿಪಾಠ ಮಾಡಿಕೊಳ್ಳುತ್ತಾಳೆ. ಆ ಕತ್ತಲೆಗೆ ಅವಳೇ ಒಡತಿ, ಅವಳೇ ಸೆರೆಯಾಳು. ಅಲ್ಲಿಗೆ ನುಗ್ಗಿದ ಮಾಂತ್ರಿಕನನ್ನು ಕೊಲ್ಲಿಸಬೇಕಾದ ಗಳಿಗೆಯಲ್ಲಿ ಅವಳು ಕೊಲ್ಲಿಸುವುದಿಲ್ಲ. ಆ ದೇವರುಗಳು ಸುಳ್ಳು ಎಂದು ಲೆ ಗ್ವಿನ್ ಹೇಳುವುದೂ ಇಲ್ಲ. ಅವು ಇವೆ, ಬಲಶಾಲಿಗಳೂ ಹೌದು, ಆದರೆ ಪೂಜೆಗೆ ಯೋಗ್ಯವಲ್ಲ. ಇಷ್ಟು ದಿಟ್ಟವಾದ ಮಾತನ್ನು ಮಕ್ಕಳೂ ಓದಬಹುದಾದ ಪುಸ್ತಕದಲ್ಲಿ ಹೇಳಿದವರು ಅಪರೂಪ. ಟೆನಾರ್ ಮುಂದೆ ‘ಟೆಹಾನು’ವಿನಲ್ಲಿ (1990) ನಡುವಯಸ್ಸಿನ ರೈತ ವಿಧವೆಯಾಗಿ, ಮೈ ಸುಟ್ಟ ಮಗುವೊಂದನ್ನು ಸಾಕುವವಳಾಗಿ ಮತ್ತೆ ಬರುತ್ತಾಳೆ. ಎರಡನ್ನೂ ಒಟ್ಟಿಗೆ ಓದಬೇಕು.

ನಾಯಕಿಗೆ ಹದಿನೆಂಟೇ ಆಗಿರಬೇಕು ಎಂಬ ಕಟ್ಟನ್ನು ಹರಿದ ಇನ್ನೊಂದು ಪುಸ್ತಕ ಲೋಯಿಸ್ ಮ್ಯಾಕ್‌ಮಾಸ್ಟರ್ ಬುಜೋಲ್ಡ್ ಅವರ ‘ಪ್ಯಾಲಡಿನ್ ಆಫ್ ಸೋಲ್ಸ್’ (2003). ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆದ ಈ ಕಾದಂಬರಿಯ ಇಸ್ತಾಗೆ ನಲವತ್ತು ವರ್ಷ. ಗಂಡ ಹೋಗಿದ್ದಾನೆ, ತಾಯಿ ಈಗಷ್ಟೇ ತೀರಿಕೊಂಡಿದ್ದಾಳೆ, ಒಮ್ಮೆ ದೇವರ ದರ್ಶನವಾದದ್ದಕ್ಕೆ ಮನೆಯವರು ಅವಳಿಗೆ ಹುಚ್ಚಿ ಎಂಬ ಪಟ್ಟ ಕಟ್ಟಿದ್ದಾರೆ. ಆ ಮನೆಯಿಂದ ಹೊರಬೀಳಲು ಅವಳಿಗೆ ಸಿಗುವ ನೆಪ ತೀರ್ಥಯಾತ್ರೆ. ಮಾಘದಲ್ಲಿ ಚಕ್ಕಡಿ ಕಟ್ಟಿಕೊಂಡು ಜೊಯಿಡಾದ ಉಳವಿ ಜಾತ್ರೆಗೆ ಹೊರಡುವ ಸಾಲುಗಳನ್ನು ನೋಡಿದವರಿಗೆ ಗೊತ್ತು, ಎಷ್ಟೋ ಹೆಂಗಸರಿಗೆ ವರ್ಷದಲ್ಲಿ ತಮ್ಮದೆನ್ನಬಹುದಾದ ದಿನಗಳೆಂದರೆ ಅವೇ. ಇಸ್ತಾಳಿಗೆ ದಾರಿಯಲ್ಲಿ ದೇವರೊಬ್ಬ ಗಂಟುಬೀಳುತ್ತಾನೆ. ಬುಜೋಲ್ಡ್ ಅವರ ಲೋಕದಲ್ಲಿ ಐದು ದೇವರುಗಳು. ಮನುಷ್ಯರು ಮನಸ್ಸಿನ ಬಾಗಿಲು ತೆರೆಯದೆ ಒಂದು ಎಲೆಯನ್ನೂ ಅಲುಗಿಸಲಾರದ ದೇವರುಗಳು. ನಮ್ಮ ತೇರಿನ ಹಾಗೆಯೇ: ದೇವಿ ಎಷ್ಟೇ ದೊಡ್ಡವಳಾದರೂ ಹಗ್ಗಕ್ಕೆ ಜನ ಕೈ ಹಾಕದೆ ತೇರು ಕದಲದು. ಆದ್ದರಿಂದ ಅಲ್ಲಿ ದೇವರೇ ಕೇಳಿಕೊಳ್ಳಬೇಕು, ಇಸ್ತಾ ಒಪ್ಪಬೇಕು. ಅವಳು ಸುಲಭಕ್ಕೆ ಒಪ್ಪುವವಳಲ್ಲ. ಹಳೆಯ ಸಿಟ್ಟನ್ನೆಲ್ಲ ದೇವರ ಮುಂದೆ ಬಿಚ್ಚಿಡುತ್ತಾಳೆ. ಈ ಬರಹದಲ್ಲಿ ಹೆಸರಿಸುತ್ತಿರುವ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದನ್ನೇ ಆರಿಸಿ ಎಂದರೆ ಇದನ್ನು ಆರಿಸಬೇಕು.

ಉಳಿದವುಗಳ ಬಗ್ಗೆ ಚುಟುಕಾಗಿ. ಎನ್.ಕೆ. ಜೆಮಿಸಿನ್ ಅವರ ‘ದಿ ಹಂಡ್ರೆಡ್ ಥೌಸಂಡ್ ಕಿಂಗ್ಡಮ್ಸ್’ (2010) ದೇವರುಗಳನ್ನೇ ಅರಮನೆಯ ಗುಲಾಮರನ್ನಾಗಿ ಮಾಡಿಕೊಂಡ ವಂಶದ ಕಥೆ. ಹೊರಗಿನಿಂದ ಬಂದ ಯೇನೆ ಆ ಅರಮನೆಯ ಲೆಕ್ಕವನ್ನೇ ತಲೆಕೆಳಗು ಮಾಡುತ್ತಾಳೆ. ತಾಶಾ ಸೂರಿ ಅವರ ‘ದಿ ಜಾಸ್ಮಿನ್ ಥ್ರೋನ್’ (2021) ಭಾರತದ ಇತಿಹಾಸದಿಂದ ನೂಲು ತೆಗೆದದ್ದು. ಸೆರೆಯಲ್ಲಿರುವ ರಾಜಕುಮಾರಿ, ತನ್ನ ಗುರುತು ಮುಚ್ಚಿಟ್ಟ ಕೆಲಸದಾಕೆ, ಸುಟ್ಟುಹೋದ ಗುಡಿ, ಮನುಷ್ಯರ ಮೈಯಲ್ಲೇ ಚಿಗುರುವ ಗಿಡಗಳು. ಆರ್.ಎಫ್. ಕುವಾಂಗ್ ಅವರ ‘ದಿ ಪಾಪಿ ವಾರ್’ (2018) ಚೀನಾ-ಜಪಾನ್ ಯುದ್ಧದ ಕ್ರೌರ್ಯವನ್ನು ಹಸಿಹಸಿಯಾಗಿ ತರುತ್ತದೆ. ಬೆಂಕಿಯ ದೇವರನ್ನು ಮೈಗೆ ತಂದುಕೊಳ್ಳುವ ರಿನ್ ಕೊಡುವ ಬೆಲೆ ದೊಡ್ಡದು. ಚಿಕ್ಕವರ ಕೈಗೆ ಅದನ್ನು ಕೊಡಬಾರದು. ವೈಷ್ಣವಿ ಪಟೇಲ್ ಅವರ ‘ಕೈಕೇಯಿ’ (2022) ದೇವರುಗಳು ಕಿವಿಗೊಡದ ಹೆಣ್ಣೊಬ್ಬಳ ರಾಮಾಯಣ.

ಹಾಗೆಂದು ಇಂಗ್ಲಿಷ್ ಬಾರದವರು ಕೈಕಟ್ಟಿ ಕೂರಬೇಕಿಲ್ಲ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಜ್ವಾಲೆ ಇದ್ದಾಳೆ. ಯಕ್ಷಗಾನ ನೋಡುವವರಿಗೆ ‘ಜ್ವಾಲಾ ಪ್ರತಾಪ’ ಪ್ರಸಂಗದಿಂದ ಆಕೆ ಪರಿಚಿತಳೇ. ಧರ್ಮರಾಯನ ಅಶ್ವಮೇಧದ ಕುದುರೆ ನೀಲಧ್ವಜನ ರಾಜ್ಯಕ್ಕೆ ಬಂದಾಗ, ಅರ್ಜುನನಿಗೆ ಮಣಿಯಬಾರದು ಎಂದು ಹಟ ಹಿಡಿದವಳು ಅವನ ರಾಣಿ ಜ್ವಾಲೆ. ಗಂಡ ಸೋತು ಶರಣಾಗಿ ಅವಳನ್ನೇ ದೂರುತ್ತಾನೆ. ಅಣ್ಣನ ಬಳಿ ಹೋದರೆ ಅಲ್ಲೂ ಬೆಂಬಲವಿಲ್ಲ. ಗಂಗೆ ದಾಟಲು ದೋಣಿ ಹತ್ತಿದವಳು, ಈ ನೀರು ಸೋಕಿದರೂ ಪಾಪ ಎನ್ನುತ್ತಾಳೆ. ಏಕೆಂದು ಗಂಗೆಯೇ ಕೇಳಿದಾಗ ಜ್ವಾಲೆ ಮುಖಕ್ಕೆ ಹೊಡೆದಂತೆ ಉತ್ತರಿಸುತ್ತಾಳೆ: ಏಳು ಮಕ್ಕಳನ್ನು ನೀನೇ ಮುಳುಗಿಸಿದೆ, ಉಳಿದ ಒಬ್ಬನನ್ನು ಅರ್ಜುನ ಕೊಂದರೂ ಸುಮ್ಮನೆ ಹರಿಯುತ್ತಿದ್ದೀ. ಗಂಗೆ ಕೆರಳಿ ಅರ್ಜುನನಿಗೆ ಮಗನ ಕೈಯಲ್ಲೇ ಸಾವು ಎಂದು ಶಪಿಸುತ್ತಾಳೆ. ಜ್ವಾಲೆ ಬೆಂಕಿಗೆ ಹಾರಿ, ಬಾಣವಾಗಿ ಆ ಮಗ ಬಭ್ರುವಾಹನನ ಬತ್ತಳಿಕೆ ಸೇರುತ್ತಾಳೆ. ದೇವರು ಹೆಣ್ಣನ್ನು ಕೇಳುವುದಲ್ಲ, ಹೆಣ್ಣೇ ದೇವತೆಯನ್ನು ಕಟಕಟೆಗೆ ಎಳೆಯುವ ಇಂಥ ದೃಶ್ಯ ಬರೆದವನಿಗೆ ಯಾವ ಹೊಸ ಫ್ಯಾಂಟಸಿಕಾರರೂ ಹಿರಿಯಣ್ಣನ ಸ್ಥಾನ ಕೊಡಬೇಕು.

ಹೊಸಗನ್ನಡದಲ್ಲಿ ಈ ದಾರಿಯಲ್ಲಿ ದೂರ ನಡೆದವರು ಪಕ್ಕದ ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರ. ‘ಕರಿಮಾಯಿ’ಯಲ್ಲಿ ಶಿವಾಪುರದ ಗ್ರಾಮದೇವತೆಯೇ ಕಥೆಯ ಕೇಂದ್ರ. ‘ಶಿಖರಸೂರ್ಯ’ದಲ್ಲಿ ಅವರು ಕನಕಪುರಿ ಎಂಬ ರಾಜ್ಯವನ್ನೇ ಕಟ್ಟಿ, ವಿದ್ಯೆ ಅಧಿಕಾರದ ಹಸಿವಾಗಿ ಮಾರ್ಪಡುವುದನ್ನು ತೋರಿಸಿದರು. ಎಪಿಕ್ ಫ್ಯಾಂಟಸಿ ಎಂದು ಹಿಂಜರಿಯದೆ ಕರೆಯಬಹುದಾದ ಕನ್ನಡ ಕಾದಂಬರಿ ಅದು. ಕರಿಮಾಯಿಯಂಥ ದೇವಿಯರನ್ನು ನೋಡಲು ಮುಂಡಗೋಡದವರು ಪುಸ್ತಕ ತೆರೆಯಬೇಕಾಗಿಯೂ ಇಲ್ಲ. ಪಕ್ಕದ ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಗದ್ದುಗೆ ಏರುತ್ತಾಳೆ, ಉಡಿ ತುಂಬಿಸಿಕೊಳ್ಳುತ್ತಾಳೆ. ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರಕ್ಕೆ ಬೆಂಕಿ ಬೀಳುತ್ತದೆ. ಯುಗಾದಿಗೆ ದೇವಿ ಮತ್ತೆ ಗುಡಿಗೆ ಬರುವವರೆಗೆ ದರ್ಶನವಿಲ್ಲ. ಮೋಸ ಹೋದ ಹೆಣ್ಣಿನ ಸಿಟ್ಟೇ ಆ ಬೆಂಕಿಯ ಮೂಲ ಎಂದು ಜನಪದ ಕಥೆ ಹೇಳುತ್ತದೆ. ಕರಾವಳಿಯ ಕಡೆಗೆ ಇಳಿದರೆ ತುಳುವಿನ ಸಿರಿ ಸಿಗುತ್ತಾಳೆ. ಗಂಡನ ಅನ್ಯಾಯ ಸಹಿಸದೆ ಸಂಬಂಧ ಕಡಿದುಕೊಂಡು, ತನ್ನ ಇಷ್ಟದಂತೆ ಮರುಮದುವೆಯಾದವಳು. ಗೋಪಾಲ ನಾಯ್ಕರು ಹಾಡಿದ ಆ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹಾಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರೊಡನೆ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲುಗಳಷ್ಟಿತ್ತು.

ಟಿಬೆಟನ್ನರ ಗೆಸರ್ ಮಹಾಕಾವ್ಯವಂತೂ ಇನ್ನೂ ದೊಡ್ಡದು, ಹಾಡುವವರ ಬಾಯಲ್ಲಿ ಇಂದಿಗೂ ಬೆಳೆಯುತ್ತಿರುವುದು. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಆ ಕಥೆಯನ್ನು ಅಲೆಕ್ಸಾಂಡ್ರಾ ಡೇವಿಡ್-ನೀಲ್ ಮತ್ತು ಲಾಮಾ ಯೊಂಗ್ಡೆನ್ ಸೇರಿ ಯುರೋಪಿನ ಓದುಗರಿಗೆ ತಲುಪಿಸಿದರು. ಗೆಸರ್‌ಗೆ ಹೆಜ್ಜೆಹೆಜ್ಜೆಗೂ ಬುದ್ಧಿ ಹೇಳಿ ಕೆಲಸಕ್ಕೆ ಹಚ್ಚುವವಳು ಮಾನೇನೆ ಎಂಬ ದಿವ್ಯ ಅತ್ತೆ. ಅವಳು ಎಬ್ಬಿಸದಿದ್ದರೆ ವೀರ ಮನೆ ಬಿಟ್ಟು ಕದಲುವುದಿಲ್ಲ. ಇದೇ ಮುಂಡಗೋಡದಲ್ಲಿ ಹೆಂಗಸರ ಇನ್ನೊಂದು ಗೆಲುವೂ ದಾಖಲಾಗಿದೆ. ಬೌದ್ಧ ತತ್ತ್ವಶಾಸ್ತ್ರದ ಅತ್ಯುನ್ನತ ಪದವಿ ಶತಮಾನಗಳಿಂದ ಭಿಕ್ಷುಗಳಿಗಷ್ಟೇ ಮೀಸಲಾಗಿತ್ತು. 2016ರ ಡಿಸೆಂಬರಿನಲ್ಲಿ ಇಲ್ಲಿನ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರು ಇಪ್ಪತ್ತು ಭಿಕ್ಷುಣಿಯರಿಗೆ ಗೆಶೆಮಾ ಪದವಿ ಕೊಟ್ಟರು. ನೆಲಕ್ಕೆ ಕಾಲು ಅಪ್ಪಳಿಸಿ, ಅಂಗೈಗೆ ಅಂಗೈ ತಟ್ಟಿ ಎದುರಾಳಿಯನ್ನು ಪ್ರಶ್ನಿಸುವ ಆ ವಾದಪದ್ಧತಿಯನ್ನು ಯಾವುದಾದರೂ ಕಾದಂಬರಿಕಾರ್ತಿ ತನ್ನ ನಾಯಕಿಗೆ ಕೊಟ್ಟರೆ ಕತ್ತಿಯ ಕಾಳಗಕ್ಕಿಂತ ರೋಚಕವಾಗುತ್ತದೆ.

ಇಷ್ಟೆಲ್ಲ ಇದ್ದೂ ಈ ಸೀಮೆಯ ಅತಿ ದೊಡ್ಡ ಸಾಹಸಕಥೆಗೆ ತಕ್ಕ ಕಾದಂಬರಿ ಇನ್ನೂ ಬರಬೇಕು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದ ಮೇಲೆ ಶರಣರ ಒಂದು ದಂಡು ಪಶ್ಚಿಮದ ಕಾಡಿನ ಕಡೆ ಹೊರಟಿತು. ಮುಂದಾಳು ಯುವಕ ಚನ್ನಬಸವಣ್ಣ, ಜೊತೆಗೆ ಅವನ ತಾಯಿ, ಬಸವಣ್ಣನ ಅಕ್ಕ ನಾಗಮ್ಮ. ಹಿಂದೆ ದೊರೆಯ ಸೈನ್ಯ, ಹೆಗಲ ಮೇಲೆ ವಚನಗಳ ಕಟ್ಟು. ಕಾದರವಳ್ಳಿಯಲ್ಲಿ ಕಾಳಗ ನಡೆಯಿತೆಂದೂ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ಮಡಿದನೆಂದೂ, ಮಲಪ್ರಭೆಯ ದಡದ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಮಡದಿ ಗಂಗಾಂಬಿಕೆ ಐಕ್ಯಳಾದಳೆಂದೂ ಪರಂಪರೆ ಹೇಳುತ್ತದೆ. ದಂಡು ತಲುಪಿದ್ದು ಜೊಯಿಡಾ ತಾಲೂಕಿನ ಉಳವಿ. ಅಲ್ಲಿ ಚನ್ನಬಸವಣ್ಣನ ಸಮಾಧಿಯಿದೆ, ಅಕ್ಕ ನಾಗಮ್ಮನ ಹೆಸರಿನ ಗವಿಯಿದೆ. ವಿರೂಪಾಕ್ಷ ಪಂಡಿತ 1584ರಲ್ಲೇ ‘ಚೆನ್ನಬಸವ ಪುರಾಣ’ ಬರೆದ. ನಮ್ಮ ಕಾಲದಲ್ಲಿ ಲಂಕೇಶರ ‘ಸಂಕ್ರಾಂತಿ’, ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಕಲ್ಯಾಣದೊಳಗಿನ ಬಿರುಗಾಳಿಯನ್ನು ರಂಗದ ಮೇಲೆ ತಂದವು. ಕಲ್ಯಾಣದಿಂದ ಆಚೆಗಿನ ದಾರಿಯನ್ನು ನಾಗಮ್ಮನ ಕಣ್ಣಿಂದ ನೋಡುವ ದೊಡ್ಡ ಕಾದಂಬರಿ ಬೇಕು.

ಅದನ್ನು ಬರೆಯುವವರಿಗೆ ಎದುರಾಗುವ ತೊಡಕು ಮೇಲಿನ ಯಾವ ಪುಸ್ತಕದಲ್ಲೂ ಇಲ್ಲದ್ದು. ನಾಗಮ್ಮನ ದೇವರು ಅಂಗೈಯಲ್ಲಿ ಕೂರುವವನು. ಕೋಣ ಕೇಳುವುದಿಲ್ಲ, ಮಗುವನ್ನು ಕೇಳುವುದಿಲ್ಲ, ಗುಡಿಯನ್ನೂ ಕೇಳುವುದಿಲ್ಲ. ಅಂಥ ದೇವರನ್ನು ನಂಬಿದ ಹೆಣ್ಣೊಬ್ಬಳು ತಮ್ಮನನ್ನು ಕಳೆದುಕೊಂಡು, ಮಗನನ್ನೂ ನೂರಾರು ಜನರನ್ನೂ ಕರೆದುಕೊಂಡು ಕಾಳಿ ನದಿಯ ಸೀಮೆಯ ಕಾಡಿಗೆ ಕಾಲಿಡುತ್ತಾಳೆ. ಆ ಕಾಡಿನ ಒಂದೊಂದು ಮರಕ್ಕೂ ಬಂಡೆಗೂ ಆಗಲೇ ದೇವರುಗಳಿರುತ್ತವೆ, ಅವುಗಳಿಗೆ ರಕ್ತದ ರೂಢಿಯಿರುತ್ತದೆ, ಅವುಗಳನ್ನು ನಂಬಿದ ಕಾಡಿನ ಜನರೇ ಈ ದಂಡಿಗೆ ದಾರಿ ತೋರಬೇಕಾಗುತ್ತದೆ. ಮೊದಲ ರಾತ್ರಿ ಆ ದೇವಿಯರಲ್ಲಿ ಒಬ್ಬಳು ಎದ್ದು ಬಂದು, ನನ್ನ ಸೀಮೆಗೆ ಬಂದಿದ್ದೀ, ನನಗೇನು ತಂದಿದ್ದೀ ಎಂದು ನಾಗಮ್ಮನನ್ನು ಕೇಳಿದರೆ, ಕಾದಂಬರಿ ಅಲ್ಲಿಂದ ಶುರುವಾಗಬಹುದು.